ಎರಡೇ ಸುತ್ತು

ಮಾರ್ಚ್ 3, ಸೋಮವಾರ

ಉಡನ ರೇಡಿಯೋ ಟವರ್ ನಿನ್ನೆ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬಿದ್ದಿದೆ. ಉಡದ ಹಾಗೆ ಹತ್ತುತ್ತಾನೆಂದು ನಾವು ಆ ಹೆಸರಿಟ್ಟ ನನ್ನ ಹಳೆಯ ಗೆಳೆಯ ಅದರ ಮೇಲಿದ್ದ. ಸುದ್ದಿ ಕೊಟ್ಟವರು ಅವನ ಪಕ್ಕದ ಮನೆಯ ಔಷಧಿ ಅಂಗಡಿಯವರು. ಫೋನ್ ಬಂದದ್ದು ಹತ್ತು ಮೂವತ್ತೈದಕ್ಕೆ. ನಾನು ಹೋಗುವಷ್ಟರಲ್ಲಿ ಆಂಬುಲೆನ್ಸ್ ಹೊರಟಿತ್ತು. ಸೊಂಟದ ಮೂಳೆ ಎರಡು ಕಡೆ ಮುರಿದಿದೆ, ಎಡ ತೊಡೆ ಒಂದು ಕಡೆ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಸಂಜೆ ಹೇಳಿದರು.

ರಾತ್ರಿ ಊಟಕ್ಕೆ ಕೂತಾಗ ಸೊಸೆ ಕೇಳಿದಳು, "ಮಾವ, ಅಷ್ಟು ದೊಡ್ಡದು ಹೇಗೆ ಬೀಳುತ್ತೆ?" ಎರಡು ವರ್ಷದಿಂದ ನಮ್ಮ ಹಿತ್ತಲಲ್ಲೂ ಒಂದನ್ನು ನೋಡುತ್ತಿದ್ದಾಳೆ, ಕೇಳಿದ್ದು ನಿನ್ನೆಯೇ. ಹೇಳಿದೆ: ಇಂಥ ಟವರ್ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲ. ಮೂರು ದಿಕ್ಕಿಗೆ ಎಳೆದು ಕಟ್ಟಿದ ಉಕ್ಕಿನ ತಂತಿಗಳು ಅದನ್ನು ನಿಲ್ಲಿಸಿರುತ್ತವೆ. ಒಂದೊಂದು ದಿಕ್ಕಿನ ತಂತಿ ನೆಲದಲ್ಲಿ ಹೂತ ಒಂದು ಕಬ್ಬಿಣದ ಸರಳಿಗೆ ಬಂದು ಸೇರುತ್ತದೆ, ಅದಕ್ಕೆ ಆಂಕರ್ ಎನ್ನುತ್ತೇವೆ. ತಂತಿಗೂ ಆಂಕರಿಗೂ ನಡುವೆ ಬಿಗಿ ಮಾಡುವ ತಿರುಪು ಇರುತ್ತದೆ. ಮೂರರಲ್ಲಿ ಒಂದು ದಿಕ್ಕು ಹೋಯಿತೆಂದರೆ ಟವರ್ ಎದುರು ದಿಕ್ಕಿಗೆ ಮಲಗುತ್ತದೆ.

ನಿನ್ನೆ ಹೋದದ್ದು ಮೂರನೆಯ ದಿಕ್ಕು. ಉಡ ಆಂಟೆನಾ ಸರಿಮಾಡಿ ಇಳಿಯುತ್ತ ಆರು ಮೀಟರಿನಲ್ಲಿ ನಿಂತು, ಟವರ್ ಸ್ವಲ್ಪ ವಾಲಿದೆ ಅನ್ನಿಸಿ, ಕೆಳಗಿದ್ದ ಹೆಂಡತಿಗೆ ತಿರುಪು ಬಿಗಿ ಮಾಡಲು ಹೇಳಿದ. ಆಕೆ ತಿರುಗಿಸಿದರು. ತಂತಿ ಕೈ ಬಿಟ್ಟಿತು. ಟವರ್ ಅವನು ಕಬ್ಬಿಣ ಕಡೆಯುವ ಲೇತ್ ಶೆಡ್ಡಿನ ತಗಡಿನ ಮೇಲೆ ಬಿತ್ತು. ತಗಡು ಕುಸಿದದ್ದರಿಂದ ಉಳಿದ.

ನಮ್ಮ ರೇಡಿಯೋ ಸಂಘದ ನಾಲ್ಕನೇ ನಿಯಮ: ಮೇಲೆ ಆಳಿರುವಾಗ ಯಾವ ತಂತಿಯನ್ನೂ ಮುಟ್ಟಕೂಡದು. ಸಂಜೆ ಆರಕ್ಕೆ ಎಲ್ಲರೂ ರೇಡಿಯೋದಲ್ಲಿ ಸೇರಿದಾಗ ಅದನ್ನು ಓದಿ ಹೇಳಿದೆ.

ಬಿಡಿಭಾಗಗಳನ್ನು ಜೋಪಾನ ಮಾಡಲು ಅಧ್ಯಕ್ಷರು ನನಗೆ ಹೇಳಿದ್ದರು. ಆಂಬುಲೆನ್ಸಿನವರು ತಂತಿಗಳನ್ನು ಕತ್ತರಿಸಿ ದಾರಿ ಮಾಡಿಕೊಂಡಿದ್ದರು. ಮೂರನೇ ತಿರುಪು ಮಣ್ಣು ಮೆತ್ತಿಕೊಂಡು ಬೇಲಿಯ ಹತ್ತಿರ ಬಿದ್ದಿತ್ತು. ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ ನಮ್ಮ ಶೆಡ್ಡಿನಲ್ಲಿಟ್ಟಿದ್ದೇನೆ.

ಮಾರ್ಚ್ 5, ಬುಧವಾರ

ಆಸ್ಪತ್ರೆ. ಉಡನಿಗೆ ಆಪರೇಷನ್ ಆಗಿ ಅರೆ ಎಚ್ಚರ. ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಶಾಲೆಯಲ್ಲಿ ಗುಮಾಸ್ತೆ, ಸಾಮಾನ್ಯವಾಗಿ ಮಾತಿಗಿಂತ ಮೊದಲು ನಗುವವರು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಗಾಳಿಯಲ್ಲೇ ತಿರುಗಿಸುತ್ತಿದ್ದರು.

"ಎರಡು ಸುತ್ತು ಅಂದ್ರು. ಎರಡೇ ಸುತ್ತಿದ್ದು. ಒಂದು. ಎರಡು. ಎರಡನೇದು ಮುಗಿಯೋ ಹೊತ್ತಿಗೆ ಕೈಯಲ್ಲೇ ಸಡಿಲ ಆಗೋಯ್ತು. ನಾನೇನು ಬಿಚ್ಚೋ ಕಡೆಗೆ ತಿರುಗಿಸಿಬಿಟ್ನಾ?"

"ಯಾವ ಕಡೆ ಅಂತ ಅವನು ಹೇಳಿಕೊಟ್ಟಿರಲಿಲ್ವಾ?" ಅಂದೆ.

"ಟವರ್ ಎದ್ದಾಗಿಂದ ನಾನೇ ತಿರುಗಿಸ್ತಿರೋದು. ಹನ್ನೊಂದು ವರ್ಷ. ಅನ್ನಕ್ಕೆ ಎಷ್ಟು ನೀರಿಡಬೇಕು ಅನ್ನೋದು ಮರೀಬಹುದು, ಅದು ಮರೆಯಲ್ಲ." ಮತ್ತೆ ಕೇಳಿದರು: "ಆ ತಿರುಪು ನೋಡಿದ್ರೆ ಗೊತ್ತಾಗಲ್ವಾ? ಬಿಚ್ಚಿಕೊಂಡಿದೆಯೋ ಇಲ್ವೋ ಅಂತ? ನಿಮ್ಮ ಹತ್ರಾನೇ ಇದೆಯಂತೆ."

"ಕಮಿಟಿ ನೋಡುತ್ತೆ ಅತ್ತಿಗೆ. ನೀವು ಚೆನ್ನಾಗಿ ನೆನಪು ಮಾಡಿಕೊಳ್ಳಿ."

ಹಾಗೆ ಹೇಳಬಾರದಿತ್ತೇನೋ. ಆದರೆ ಸಾಕ್ಷಿ ಅವರೊಬ್ಬರೇ.

ಮಾರ್ಚ್ 9, ಭಾನುವಾರ

ಅಧ್ಯಕ್ಷರ ಕ್ಲಿನಿಕ್ಕಿನಲ್ಲಿ ಕಮಿಟಿ ಸಭೆ. ಅವರು ಹಲ್ಲಿನ ಡಾಕ್ಟರು. ಭಾನುವಾರ ರೋಗಿಗಳ ಕುರ್ಚಿ ಖಾಲಿ ಇರುವುದರಿಂದ ಸಭೆ ಅಲ್ಲೇ. ಐದು ಜನ. ಮೊದಲು ತೆಗೆದದ್ದು ಉಡನ ಟವರಿನ ಕಾರ್ಡು.

ಪ್ರತಿ ಟವರಿನ ಕಾಲಿಗೂ ಒಂದು ತಗಡಿನ ಡಬ್ಬಿ ಕಟ್ಟಿರುತ್ತೇವೆ, ಅದರಲ್ಲಿ ತಪಾಸಣೆಯ ಕಾರ್ಡು. ವರ್ಷಕ್ಕೊಮ್ಮೆ, ಜನವರಿಯಲ್ಲಿ, ಇನ್ನೊಬ್ಬ ಸದಸ್ಯ ಬಂದು ನೋಡಿ ಸಹಿ ಹಾಕಬೇಕು. ಕಾರ್ಡು ನೋಡದೆ ಯಾರೂ ಹತ್ತುವುದಿಲ್ಲ. ಉಡನದನ್ನು ನೋಡುವವನು ನಾನು, ನನ್ನದನ್ನು ನೋಡುವವನು ಉಡ. ಮೊದಲಿಂದಲೂ ಹಾಗೇ.

ಆರು ಸಾಲು, ಆರಕ್ಕೂ ಟಿಕ್, ಜನವರಿ 12, ನನ್ನ ಸಹಿ.

"ಮೀಟರ್ ಸಹಿ ಹಾಕಿದ್ದಾರೆ ಅಂದ್ಮೇಲೆ ಮಾತೇ ಇಲ್ಲ," ಎಂದರು ಅಧ್ಯಕ್ಷರು. ನನಗೆ ಆ ಹೆಸರಿಟ್ಟವನು ಉಡ. ನೀರು ಸರಬರಾಜಿನಲ್ಲಿ ಮೂವತ್ತೊಂದು ವರ್ಷ ಮೀಟರ್ ರೀಡರ್ ಆಗಿದ್ದೆ. ಮುಚ್ಚಳ ತೆಗೆಯದೆ, ಹೋದ ತಿಂಗಳಿನ ಅಂಕಿಗೆ ಒಂದಿಷ್ಟು ಸೇರಿಸಿ ಬರೆಯುವ ಸಹೋದ್ಯೋಗಿಗಳಿದ್ದರು. ಮುಚ್ಚಳದಡಿ ಚೇಳು ಇರಲಿ, ಕೊಚ್ಚೆ ಇರಲಿ, ನಾನು ತೆಗೆದು ನೋಡಿಯೇ ಬರೆದವನು. ಅದು ಊರಿಗೇ ಗೊತ್ತು.

ತಿರುಪನ್ನು ತರಲು ಹೇಳಿದರು. ತರುತ್ತೇನೆ ಎಂದೆ.

ಮಾರ್ಚ್ 10, ಸೋಮವಾರ

ತಿರುಪು ತೆಗೆದುಕೊಂಡು ಹೋಗಲು ಆಗಲಿಲ್ಲ. ಬಿಸಿಲು ಜಾಸ್ತಿ ಇತ್ತು.

ಮಾರ್ಚ್ 16, ಭಾನುವಾರ

ಉಡ ಈಗ ಮಾತಾಡುತ್ತಾನೆ. ಕಾಲಿಗೆ ತೂಕ ಕಟ್ಟಿ ಎಳೆದಿದ್ದಾರೆ. ನನ್ನನ್ನು ನೋಡಿದವನೇ, "ಬಾರೋ ಮೀಟರ್. ನೋಡು, ನನಗೂ ಟವರಿನ ಥರ ತಂತಿ ಕಟ್ಟಿದಾರೆ. ಇದಕ್ಕೂ ಕಾರ್ಡು ಬರೆದುಬಿಡು," ಅಂದ. ಪಕ್ಕದ ಮಂಚದವರೂ ನಕ್ಕರು. ಅತ್ತಿಗೆ ನಗಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನಗೆ ಕೊಟ್ಟರು, ಅವನಿಗೆ ಸ್ಟೂಲಿನ ಮೇಲಿಟ್ಟರು. ಅವನು "ಅವಳಿಗೆ ಹೇಳು, ಸಕ್ಕರೆ ಸಾಲದು" ಎಂದು ನನಗೆ ಹೇಳಿದ. ಅವರು ಮೂರಡಿ ದೂರದಲ್ಲಿ ನಿಂತಿದ್ದರು.

ಅವರು ಬಟ್ಟೆ ಒಗೆಯಲು ಹೋದ ಮೇಲೆ ಉಡ ಹೇಳಿಕೆ ಬರೆಸಿದ. ಕಮಿಟಿ ಕೇಳಿದೆ, ಅವನಿಗೆ ಕೂರಲಾಗುವುದಿಲ್ಲ, ನನ್ನ ಅಕ್ಷರ ದುಂಡಗಿದೆ. ಅವನು ಹೇಳಿದ್ದನ್ನೇ ಬರೆದೆ: "ಎರಡು ಸುತ್ತು ಬಿಗಿ ಮಾಡಲು ಹೇಳಿದ್ದೆ. ಆಕೆ ಹೆಚ್ಚು ತಿರುಗಿಸಿರಬಹುದು, ಇಲ್ಲವೇ ಬಿಚ್ಚುವ ಕಡೆಗೆ ತಿರುಗಿಸಿರಬಹುದು. ತಿರುಪು ಕಳಚಿಕೊಂಡು ತಂತಿ ಕೈಬಿಟ್ಟಿತು."

"ಹೀಗೆ ಬರೀಬೇಕಾ?" ಅಂತ ಒಂದು ಸಲ ಕೇಳಿದೆ.

"ಇನ್ನೇನು ಬರೀತೀಯ? ಟವರ್ ಚೆನ್ನಾಗಿತ್ತು ತಾನೆ? ನೀನೇ ನೋಡಿದೀಯಲ್ಲ."

ಹೌದು ಅಂದೆ. ಬಲಗೈಗೆ ಸಲೈನ್ ಚುಚ್ಚಿದ್ದರಿಂದ ಅವನು ಎಡಗೈಯಲ್ಲಿ ಸಹಿ ಹಾಕಿದ.

ಮಾರ್ಚ್ 20, ಗುರುವಾರ

ಸೊಸೆಗೆ ರಜೆ. ಕಾರ್ಖಾನೆಯಲ್ಲಿ ಬಾಯ್ಲರ್ ಪೈಪುಗಳ ದಪ್ಪ ಅಳೆಯುವ ಕೆಲಸ ಅವಳದು. ಯಾವುದು ಎಷ್ಟು ಸವೆದಿದೆ ಎಂದು ಹೇಳುವುದಷ್ಟೇ, ರಿಪೇರಿ ಬೇರೆಯವರದು. ಬೆಳಿಗ್ಗೆ ಸನಿಕೆ ಹಿಡಿದು ಹಿತ್ತಲಿಗೆ ಹೋದಳು.

"ಅಲ್ಲೇನಮ್ಮಾ?"

"ಗಾಳಿಗಾಲ ಬರುತ್ತೆ ಮಾವ. ನಮ್ಮನೇದು ಒಂದು ಸಲ ನೋಡಿಬಿಡೋಣ."

"ನೋಡಿಯಾಗಿದೆ. ಕಾರ್ಡಿದೆ."

"ಕಾರ್ಡಲ್ಲ, ಕಬ್ಬಿಣ."

ಒಂದನೇ ಆಂಕರಿನ ಸುತ್ತ ಒಂದು ಗೇಣು ಅಗೆದಳು. ನೆಲದ ಮೇಲೆ ಸರಳು ಬೆಳ್ಳಗೆ, ಹದಿನಾರು ಮಿಲಿಮೀಟರ್. ಮಣ್ಣಿನೊಳಗೆ ಅಷ್ಟು ಕೆಳಗೆ ಕಂದು ಬಣ್ಣದ ಹೊಪ್ಪಳೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು, ಹೊಪ್ಪಳೆ ಉದುರಿತು. ಅಳತೆಯ ಇಕ್ಕಳ ಹಿಡಿದಳು. ಒಂಬತ್ತು.

"ಪೈಪುಗಳೂ ಹೀಗೇ," ಎಂದಳು. "ಹೊರಗಿರೋ ಭಾಗಕ್ಕೆ ಬಣ್ಣ ಹೊಡೆದು ಮದುಮಗಳ ಥರ ಇಟ್ಟಿರ್ತಾರೆ. ನೆಲದೊಳಗೆ ಹೋದ ಮೇಲೆ ಯಾರು ಕೇಳ್ತಾರೆ?" ಕಾರ್ಡು ತೆಗೆದು ಓದಿದಳು. "ಆರನೇ ಸಾಲು: ಆಂಕರಿನ ಬುಡ ಮಣ್ಣು ತೆಗೆದು ನೋಡಿದೆ. ಟಿಕ್ ಹಾಕಿದಾರೆ. ಯಾರ ಸಹಿ ಇದು?"

"ಉಡಂದು."

"ಅಗೆದಿದ್ರಾ ಅವರು?"

ಜನವರಿಯಲ್ಲಿ ಅವನು ಬಂದದ್ದು, ಕಾಫಿ ಕುಡಿದದ್ದು, ತಂತಿಗಳನ್ನು ಬೆರಳಿನಿಂದ ಮೀಟಿ ಶಬ್ದ ಕೇಳಿ ತಲೆಯಾಡಿಸಿದ್ದು ನೆನಪಿದೆ. ಸನಿಕೆ ನೆನಪಿಲ್ಲ.

ಇದು ಉಡನ ಬೇಜವಾಬ್ದಾರಿ. ಬರೆದಿಡುತ್ತಿದ್ದೇನೆ.

ಮಾರ್ಚ್ 22, ಶನಿವಾರ

ನಮ್ಮ ಟವರಿಗೆ ಹೊಸ ಆಂಕರ್. ಮೊದಲು ಪಕ್ಕದಲ್ಲಿ ತಾತ್ಕಾಲಿಕ ಗೂಟ ಹೊಡೆದು, ತಾತ್ಕಾಲಿಕ ತಂತಿ ಬಿಗಿದು, ಆಮೇಲೆ ಹಳೆಯದನ್ನು ಬಿಚ್ಚಿದ್ದು. ಒಂದು ಸಲಕ್ಕೆ ಒಂದೇ ದಿಕ್ಕು. ಮೇಲೆ ಯಾರೂ ಇಲ್ಲ. ಎರಡನೇ ಸರಳು ಹತ್ತು ಮಿಲಿಮೀಟರ್ ಇತ್ತು, ಮೂರನೆಯದು ಒಂಬತ್ತು. ಕಾಂಕ್ರೀಟು ಒಣಗುವವರೆಗೂ ತಾತ್ಕಾಲಿಕ ತಂತಿಗಳು ಹಾಗೇ ಇರಬೇಕು. ಯಾರೂ ಹತ್ತಬಾರದು ಎಂದು ಸೊಸೆ ಕಾಲಿಗೆ ಕೆಂಪು ಬಟ್ಟೆ ಕಟ್ಟಿದ್ದಾಳೆ.

ಮಾರ್ಚ್ 23, ಭಾನುವಾರ

ಗೋಣಿಚೀಲ ಬಿಚ್ಚಿದ್ದಾಯಿತು. ಬಿಚ್ಚಿದವಳು ಸೊಸೆ. ನಾನು ಸುತ್ತಿಗೆ ಹುಡುಕಲು ಹೋಗಿದ್ದೆ, ಬರುವಷ್ಟರಲ್ಲಿ ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಹರಡಿದ್ದಳು.

ತಿರುಪು ಕಳಚಿಕೊಂಡಿಲ್ಲ. ನಡುವಿನ ತೆರೆದ ಚೌಕಟ್ಟಿನೊಳಗೆ ಎರಡು ತುದಿಯ ಬೋಲ್ಟುಗಳೂ ಇದ್ದಲ್ಲೇ ಇವೆ. ಬೋಲ್ಟುಗಳ ಮೇಲೆ, ಧೂಳು ಹಿಡಿದು ಕಪ್ಪಾದ ಸುತ್ತುಗಳ ಹಿಂದೆ ಹೊಸದಾಗಿ ಒಳಗೆ ಬಂದ ಸುತ್ತುಗಳು ಗ್ರೀಸ್ ಸಮೇತ ಹೊಳೆಯುತ್ತಿವೆ. ಈ ತುದಿಯಲ್ಲಿ ಎರಡು. ಆ ತುದಿಯಲ್ಲಿ ಎರಡು. ಬಿಗಿ ಮಾಡುವ ಕಡೆಗೇ.

ತಿರುಪಿನ ಕೆಳಗಿನ ಮಣ್ಣಿನ ಮುದ್ದೆಯನ್ನು ಅವಳು ನೀರಲ್ಲಿ ತೊಳೆದಳು. ಒಳಗೆ ಒಂದಡಿ ಉದ್ದದ ಸರಳಿನ ತುಂಡು. ಮುರಿದ ಬಾಯಿ ಇಡೀ ಹಳೆಯ ತುಕ್ಕು, ಮಧ್ಯದಲ್ಲಿ ಒಂದು ಹೆಸರುಕಾಳಿನಷ್ಟು ಮಾತ್ರ ಬೆಳ್ಳಗೆ. ಹನ್ನೊಂದು ವರ್ಷದ ಟವರು ಅವತ್ತು ನಿಂತಿದ್ದದ್ದು ಆ ಹೆಸರುಕಾಳಿನ ಮೇಲೆ.

"ನೀವು ಜನವರೀಲಿ ಅಗೆದಿದ್ರಾ ಮಾವ?"

ಉಡನ ಮನೆಯ ಮೂರನೇ ಆಂಕರಿನ ಬುಡದಲ್ಲಿ ಅತ್ತಿಗೆ ಗುಲಾಬಿ ಹಾಕಿದ್ದರು. ಸನಿಕೆ ಎತ್ತಿಕೊಂಡಾಗ ಉಡನೇ, "ಬಿಡೋ, ಬೇರು ಕಿತ್ತರೆ ಅವಳು ನನ್ನ ಕೀಳ್ತಾಳೆ" ಅಂದ. ನಕ್ಕೆವು. ಟಿಕ್ ಹಾಕಿದೆ. ಇದನ್ನು ಸೊಸೆಗೆ ಹೇಳಿದೆ. ನಾಲ್ಕನೇ ನಿಯಮವನ್ನೂ ಹೇಳಿದೆ.

"ಸರಿ," ಎಂದಳು. "ಅದೂ ತಪ್ಪೇ. ಆದ್ರೆ ಅದನ್ನೇ ಹಿಡಿದುಕೊಂಡು ಇದನ್ನ ಮುಚ್ಚೋಕಾಗಲ್ಲ. ಅವರಿಬ್ಬರಿಗೂ ನೀವೇ ಹೋಗಿ ಹೇಳಬೇಕು. ನಾನು ಹೇಳಿದ್ರೆ ಚಾಡಿ ಆಗುತ್ತೆ."

ನಾಳೆ ಹೋಗುತ್ತೇನೆ.

ಮಾರ್ಚ್ 24, ಸೋಮವಾರ

ಹೋಗಲಿಲ್ಲ.

ಮಾರ್ಚ್ 30, ಭಾನುವಾರ

ಉಡನನ್ನು ಶುಕ್ರವಾರ ಮನೆಗೆ ಕರೆತಂದಿದ್ದಾರೆ. ಹೋದೆ. ಮಂಚವನ್ನು ಮುಂದಿನ ಕೋಣೆಗೆ ಹಾಕಿದ್ದಾರೆ, ಕಿಟಕಿಯಿಂದ ಕುಸಿದ ಶೆಡ್ಡು ಕಾಣುತ್ತದೆ. ನಡೆಯುವುದು ನಡೆದೀತು, ಕೋಲು ಬೇಕು, ಹತ್ತುವುದು ಮರೆತುಬಿಡಿ ಎಂದಿದ್ದಾರಂತೆ ಡಾಕ್ಟರು. "ಉಡ ಅನ್ನೋ ಹೆಸರು ಬೇರೆ ಯಾರಿಗಾದ್ರೂ ಕೊಟ್ಟುಬಿಡಿ," ಅಂದ.

ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹೊರಗೆ ನೀರಿನ ಸದ್ದು. ಅತ್ತಿಗೆ ಬಕೆಟ್ ಹಿಡಿದು ಗುಲಾಬಿಗೆ ನೀರು ಹಾಕುತ್ತಿದ್ದರು. ಮೂರನೇ ಆಂಕರ್ ಇದ್ದ ಜಾಗ. ಬಚ್ಚಲ ನೀರೂ ಸಣ್ಣ ಕಾಲುವೆ ಮಾಡಿ ಅಲ್ಲಿಗೇ ಬಿಟ್ಟಿದ್ದಾರೆ. ಉಳಿದ ಎರಡು ಆಂಕರ್ ಇರುವ ಕಡೆ ನೆಲ ಒಣಗಿ ಬಿರುಕು ಬಿಟ್ಟಿದೆ. ಎಷ್ಟು ವರ್ಷದಿಂದ ನೀರು ಹಾಕುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ. ತಿರುಪಲ್ಲ, ಸರಳಿಗೆ ತುಕ್ಕು ಹಿಡಿಸಿದ ನಿಮ್ಮ ಬಕೆಟ್ಟು ಎಂದು ಅವರಿಗೆ ಹೇಗೆ ಹೇಳುವುದು? ಒಂದನ್ನು ಇಳಿಸಿ ಇನ್ನೊಂದನ್ನು ಹೊರಿಸಿದ ಹಾಗೆ.

ಹೇಳದಿರುವುದೇ ಅವರಿಗೆ ಒಳ್ಳೆಯದು ಎಂದುಕೊಂಡು ಬಂದೆ.

ಸೊಸೆ ಗೇಟಿನ ಹತ್ತಿರವೇ ಕೇಳಿದಳು. ಬಕೆಟ್ಟಿನ ವಿಷಯ ಹೇಳಿದೆ. "ನಮ್ಮನೇಲಿ ಯಾರು ನೀರು ಹಾಕಿದ್ರು ಮಾವ?" ಎಂದು ಒಳಗೆ ಹೋದಳು.

ಮಾರ್ಚ್ 31, ಸೋಮವಾರ

ಊಟಕ್ಕೆ ಕರೆಯುವುದು ಬಿಟ್ಟರೆ ಸೊಸೆಯಿಂದ ಮಾತಿಲ್ಲ. ರೇಡಿಯೋ ಹಾಕಲಿಲ್ಲ.

ಏಪ್ರಿಲ್ 3, ಗುರುವಾರ

ಕಮಿಟಿಯ ಕರಡು ವರದಿ ಬಂದಿದೆ, ಒಂದೂವರೆ ಪುಟ. ಕಾರಣ: ಕೆಳಗಿದ್ದ ಸಹಾಯಕರು ತಿರುಪನ್ನು ತಪ್ಪಾಗಿ ತಿರುಗಿಸಿದ್ದು. ಜೊತೆಗೆ ನಾಲ್ಕನೇ ನಿಯಮದ ಉಲ್ಲಂಘನೆ. ಟವರಿನ ಸ್ಥಿತಿ: ಕಾರ್ಡಿನ ಪ್ರಕಾರ ಸಮರ್ಪಕ. ತಿರುಪು ಲಭ್ಯವಾಗಿಲ್ಲ. 13ರ ಭಾನುವಾರದ ಸಭೆಯಲ್ಲಿ ಅಂಗೀಕಾರ, ಎಲ್ಲ ಸಂಘಗಳಿಗೂ ಪ್ರತಿ.

ಸೊಸೆ ಓದಿದಳು. "ಸಹಾಯಕರು ಅಂದ್ರೆ ಯಾರು? ಹೆಸರು ಕೂಡ ಹಾಕಿಲ್ಲ," ಎಂದಳು. ನಾಲ್ಕು ದಿನದ ನಂತರದ ಮೊದಲ ಮಾತು.

ಏಪ್ರಿಲ್ 6, ಭಾನುವಾರ

ಹೇಳಿದೆ.

ತಿರುಪು, ಸರಳಿನ ತುಂಡು, ಎರಡನ್ನೂ ಕೈಚೀಲದಲ್ಲಿ ತೆಗೆದುಕೊಂಡು ಹೋಗಿ ಉಡನ ಹೊದಿಕೆಯ ಮೇಲಿಟ್ಟೆ. ಲೇತಿನ ಮನುಷ್ಯ, ವಿವರಿಸುವ ಅಗತ್ಯ ಬೀಳಲಿಲ್ಲ. ತಿರುಪನ್ನು ಬೆಳಕಿಗೆ ಹಿಡಿದು ಹೊಳೆಯುವ ಸುತ್ತುಗಳನ್ನು ಉಗುರಿನಿಂದ ಎಣಿಸಿದ. ಎರಡು ಸಲ ಎಣಿಸಿದ. ಆಮೇಲೆ ತುಂಡಿನ ಬಾಯಿ ನೋಡಿದ.

"ಮುಚ್ಚಳ ತೆಗೀದೆ ಬರೆದುಬಿಟ್ಯಲ್ಲೋ ಮೀಟರ್."

"ನೀನೂ ನಮ್ಮನೇದು ಅಗೆದಿಲ್ಲ. ಒಂಬತ್ತಕ್ಕೆ ಬಂದಿತ್ತು."

"ಅಗೆದಿಲ್ಲ. ನಿನ್ನ ಸೊಂಟ ಮುರಿದಿಲ್ಲವಲ್ಲ, ಅದಕ್ಕೆ ಖುಷಿಪಡು."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ಬಂದು ತಿರುಪನ್ನು ಅವನ ಕೈಯಿಂದ ತೆಗೆದುಕೊಂಡರು. ಅವರೂ ಎಣಿಸಿದರು.

"ಎರಡೇ," ಅಂದರು.

ಉಡ ಕಿಟಕಿಯ ಕಡೆ ಮುಖ ತಿರುಗಿಸಿದ. "ನೋಡೇ, ನಾನು..." ಎಂದು ಶುರು ಮಾಡಿದ. ಐದು ವಾರದಲ್ಲಿ ಅವನು ನೇರವಾಗಿ ಅವರಿಗೆ ಆಡಿದ ಮೊದಲ ಮಾತಿರಬೇಕು. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಕೇಳಿದರು:

"ನಿಮಗೆ ಯಾವತ್ತು ಗೊತ್ತಾಯ್ತು?"

"ಇಪ್ಪತ್ತಮೂರನೇ ತಾರೀಕು."

"ಇವತ್ತು ಆರು." ಗುಮಾಸ್ತೆ, ಬೆರಳು ಮಡಿಸಲೂ ಇಲ್ಲ. "ಹದಿನಾಲ್ಕು ದಿನ. ಅದರ ಮಧ್ಯೆ ಒಂದು ಸಲ ಬಂದು ಇಲ್ಲೇ ಕೂತು ಕಾಫಿ ಕುಡಿದು ಹೋದ್ರಿ."

"ನಿಮ್ಮ ನೀರಿನಿಂದ ಆಗಿರಬಹುದು ಅನ್ನಿಸ್ತು ಅತ್ತಿಗೆ. ಗುಲಾಬಿಗೆ ಹಾಕೋ ನೀರು. ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ."

ಹೇಳಿದ ಮೇಲೆ ಗೊತ್ತಾಯಿತು, ಅದನ್ನು ಹೇಳುವ ಅಗತ್ಯ ಇರಲಿಲ್ಲ. ಅವರು ಹೊರಗೆ ನೋಡಿದರು. "ನಮ್ಮನೇದು ಒಣ ನೆಲ, ಅಲ್ಲೂ ಸವೆದಿತ್ತು," ಎಂದು ಸೇರಿಸಿದೆ.

"ನಿಮ್ಮನೆ ಮಣ್ಣು ನನಗೆ ಬೇಡ. ಇಲ್ಲಿ ಇನ್ನೂ ಎರಡು ಸರಳು ನೆಲದಲ್ಲೇ ಇವೆಯಲ್ಲ? ಅವಕ್ಕೆ ನಾನು ನೀರು ಹಾಕಿಲ್ಲ. ಅವನ್ನ ಅಗೆದು ನೋಡಿ. ಅವೂ ಸವೆದಿದ್ರೆ ನನ್ನ ನೀರಲ್ಲ. ಗಟ್ಟಿಯಾಗಿದ್ರೆ..."

ಈಗಲೇ ಅಗೆಯುತ್ತೇನೆ ಎಂದು ಎದ್ದೆ.

"ನೀವೊಬ್ಬರೇ ಅಗೆದು ಬಂದು ಹೇಳೋದು ಬೇಡ. ನಿಮ್ಮ ಸಹಿ ನೋಡಿದ್ದಾಯ್ತು. ಎಲ್ಲರೂ ಬರಲಿ. ಎಲ್ಲರ ಎದುರಿಗೆ."

ಕಾಫಿ ಕೊಡಲಿಲ್ಲ. ಗೇಟು ದಾಟುವಾಗ ಒಳಗಿಂದ ಉಡನ ದನಿ ಕೇಳಿಸಿತು, ಒಂದೇ ಸಮನೆ ಮಾತಾಡುತ್ತಿದ್ದ.

ಏಪ್ರಿಲ್ 8, ಮಂಗಳವಾರ

ಅಧ್ಯಕ್ಷರ ಕ್ಲಿನಿಕ್ಕಿಗೆ ಹೋಗಿ ತಿರುಪು, ತುಂಡು, ನನ್ನ ಲಿಖಿತ ಹೇಳಿಕೆ ಕೊಟ್ಟೆ. ಹೇಳಿಕೆ ನಾಲ್ಕು ಸಾಲು. ಆರನೇ ಸಾಲಿಗೆ ಮಣ್ಣು ತೆಗೆಯದೆ ಟಿಕ್ ಹಾಕಿದ್ದೇನೆ. ಹಿಂದಿನ ವರ್ಷಗಳಲ್ಲೂ ತೆಗೆದಿಲ್ಲ. ಬಿಡಿಭಾಗಗಳನ್ನು ಮೂವತ್ತೇಳು ದಿನ ನನ್ನ ಬಳಿ ಇಟ್ಟುಕೊಂಡಿದ್ದೆ. ಉಡನ ಹೇಳಿಕೆಯನ್ನು ಬರೆದದ್ದು ನನ್ನ ಕೈ.

ಅವರು ತುಂಡಿನ ಬಾಯಿಯನ್ನು ಹಲ್ಲು ನೋಡುವ ತಮ್ಮ ಪುಟ್ಟ ಕನ್ನಡಿಯಲ್ಲಿ ನೋಡಿದರು. "ಮೇಲೆ ಬೆಳ್ಳಗೇ ಇರುತ್ತೆ ರೀ ಯಾವಾಗಲೂ," ಅಂದರು. ಆಮೇಲೆ ಕೇಳಿದರು, "ನೀವು ಸಹಿ ಹಾಕಿರೋ ಕಾರ್ಡು ಇನ್ನೆಷ್ಟಿವೆ?"

ಐದು ಎಂದೆ. ಅವರದೂ ಸೇರಿ.

ಹೊರಗೆ ಕಾಯುತ್ತಿದ್ದ ರೋಗಿಯನ್ನು ಕರೆಯುವುದು ಬಿಟ್ಟು ಅವರು ಐದೂ ಮನೆಗೆ ಫೋನ್ ಮಾಡಿದರು. ಯಾರೂ ಹತ್ತಬೇಡಿ ಎಂದು. ಯಾಕೆ ಎಂದು ಕೇಳಿದವರಿಗೆಲ್ಲ ಕಾರಣ ಹೇಳಿದರು. ನಾನು ಕುರ್ಚಿಯಲ್ಲಿ ಕೂತು ಐದು ಸಲ ಕೇಳಿಸಿಕೊಂಡೆ.

ಏಪ್ರಿಲ್ 11, ಶುಕ್ರವಾರ

ಆ ಐದರಲ್ಲಿ ಮೂರು ಟವರಿನ ಆಂಕರುಗಳ ಬುಡ ಅಗೆದದ್ದಾಯಿತು, ಸರಳುಗಳ ದಪ್ಪ ಮಿಲಿಮೀಟರಿನಲ್ಲಿ. ಹನ್ನೆರಡು, ಹದಿನಾಲ್ಕು, ಹದಿಮೂರು. ಹದಿನೈದು, ಹದಿನೈದು, ಹದಿನಾಲ್ಕು. ಎಂಟು, ಹತ್ತು, ಒಂಬತ್ತು. ಅಳತೆ ಸೊಸೆಯದು. ಕಾರ್ಡಿನಲ್ಲಿ ಸಹಿಯೂ ಅವಳದು. ಒಂದು ಮನೆಯಲ್ಲಿ ಕೂರಲು ಹೇಳಿದರು, ಎರಡು ಮನೆಯಲ್ಲಿ ಹೇಳಲಿಲ್ಲ.

ಏಪ್ರಿಲ್ 12, ಶನಿವಾರ

ಕಮಿಟಿಯ ಸೂಚನೆ ಬಂದಿದೆ. ನನ್ನನ್ನು ತಪಾಸಣೆಯಿಂದ ತೆಗೆದಿದ್ದಾರೆ. ಕರಡು ವರದಿಯನ್ನು ಹಿಂತೆಗೆದಿದ್ದಾರೆ. ಉಡ ತನ್ನ ಹೇಳಿಕೆಯನ್ನು ವಾಪಸ್ ಪಡೆದಿದ್ದಾನೆ. ಹೊಸದನ್ನು ಬರೆದುಕೊಟ್ಟವರು ಔಷಧಿ ಅಂಗಡಿಯವರು.

ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದ್ದರು. ಮಾತಾಡಿದ್ದು ಸೊಸೆಯ ಹತ್ತಿರ. ನನಗೆ ಹೇಳಬೇಕಾದದ್ದನ್ನು ಅವಳಿಗೆ ಹೇಳಿದ್ದಾರೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಉಡನ ಮನೆಯಲ್ಲಿ ಒಂದನೇ ಮತ್ತು ಎರಡನೇ ಆಂಕರಿನ ಬುಡ ಅಗೆಯುವುದು. ಕಮಿಟಿಯ ಐವರೂ ಇರುತ್ತಾರೆ. ಅಳೆಯುವವಳು ಸೊಸೆ, ಅಗೆಯುವವರು ಅತ್ತಿಗೆ. ಸನಿಕೆ ನಾನು ತರಬೇಕು.